ಪರದೆ ಏಳುವ ಮೊದಲೇ ಅಮೋಘ

ಯಾರು ಬೇಕಾದರೂ ಬರೆದು ತಿದ್ದಬಹುದಾದ ಕನ್ನಡ ವಿಕಿಯಲ್ಲಿ ನಮ್ಮ ನಾಟಕಕ್ಕೊಂದು ಪುಟ ಮಾಡಿದ್ದೆ. ಮರುದಿನ ನೋಡಿದರೆ ಮೊದಲ ವಾಕ್ಯವೇ ಇಲ್ಲ. ‘ನಳಿನಾಕ್ಷಿಯವರ ಅಮೋಘ ಅಭಿನಯದಿಂದ ಪ್ರೇಕ್ಷಕರ ಮನಸೂರೆಗೊಂಡ ನಾಟಕ’ ಎಂದು ಬರೆದಿದ್ದೆ. ಉಳಿದದ್ದು ಇಷ್ಟು: ‘“ಮೂರನೇ ಮಹಡಿ” 2004ರಲ್ಲಿ ಡೊಂಬಿವಲಿಯಲ್ಲಿ ಮಹಿಳೆಯರೇ ಆಡಿದ ಕನ್ನಡ ನಾಟಕ. ಮಾವನ ಪಾತ್ರ: ನಳಿನಾಕ್ಷಿ.’

ತಿದ್ದಿದವಳು ಪಕ್ಕದೂರು ಕಲ್ಯಾಣದ ಸೌಭಾಗ್ಯ. ವಿಜಯಪುರದ ಕಡೆಯವಳು, ಠಾಣೆಯ ವಿಕಿ ಶಿಬಿರದಲ್ಲಿ ಪರಿಚಯವಾದವಳು. ಫೋನ್ ಮಾಡಿದೆ.

“ಅಮೋಘ ಯಾಕೆ ತೆಗೆದದ್ದು?”

“ಯಾರಿಗೆ ಅಮೋಘ ಅನಿಸ್ತ್ರಿ ಜಯಕ್ಕಾ? ನಿಮಗ. ನೀವು ಅವರ ತಮ್ಮನ ಹೆಂಡ್ತಿ! ನಾಟಕ ಏನು, ಯಾರು ಆಡಿದ್ರು ಅನ್ನೋದು ಮ್ಯಾಲ. ನೋಡಿದವ್ರು ಏನಂದ್ರು ಅನ್ನೋದು ಕೆಳಗ, ಬ್ಯಾರೆ ಭಾಗದಾಗ. ಅಂದವ್ರ ಹೆಸರು, ಅಚ್ಚಾದ ಆಧಾರ ಎರಡೂ ಬೇಕು.”

“ಆಧಾರ ಉಂಟಲ್ಲ! ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲೇ ಅಮೋಘ ಅಂತ ಅಚ್ಚಾಗಿದೆ.”

“ಅದನ್ನ ಯಾವಾಗ ಹಂಚಿದ್ರಿ?”

“ನಾಟಕದ ದಿನವೇ, ಸಭಾಂಗಣದ ಬಾಗಿಲಲ್ಲಿ.”

ಆ ಕಡೆಯಿಂದ ಜೋರಾದ ನಗು. “ಅಂದ್ರ ಪರದೆ ಏಳೂದಕ್ಕ ಮೊದಲ ಅಮೋಘ ಆಗಿತ್ತು!”

ನನಗೂ ನಗು ಬಂತು. ನಮ್ಮ ಸಂಚಿಕೆಗಳೆಲ್ಲ ಹಾಗೆಯೇ. ಅಡುಗೆಯವರಿಂದ ಮೈಕಿನವರವರೆಗೆ ಎಲ್ಲರೂ ಮುಂಗಡವಾಗಿಯೇ ಅಮೋಘ.

ಸೌಭಾಗ್ಯಳೇ ಹಳೆಯ ಪತ್ರಿಕೆಯೊಂದರಲ್ಲಿ ವಿಮರ್ಶೆ ಹುಡುಕಿ ಕಳಿಸಿದಳು. ಭುಜಂಗ ಎಂಬವರು ಬರೆದದ್ದು: ‘ಮಾವನ ಪಾತ್ರಧಾರಿಯ ಧ್ವನಿ ಹಿಂದಿನ ಸಾಲಿಗೆ ತಲುಪಲಿಲ್ಲ. ಆದರೆ ಸಡಿಲವಾದ ಮೀಸೆಯನ್ನು ಎಡಗೈಯಿಂದ ಹಿಡಿದು, ಅದನ್ನೇ ಮುದುಕ ಯೋಚಿಸುವ ಭಂಗಿಯಾಗಿ ಮಾಡಿಕೊಂಡದ್ದು ಜಾಣತನ.’

“ಎರಡನೆಯ ವಾಕ್ಯ ಮಾತ್ರ ಹಾಕಲಾ?” ಎಂದೆ.

“ಹಾಕಿದ್ರ ಎರಡೂ. ಇಲ್ಲಾಂದ್ರ ಎರಡೂ ಬ್ಯಾಡ.”

ಮನಸ್ಸು ಮುದುಡಿತು. ನಳಿನಾಕ್ಷಿ ಅತ್ತಿಗೆ ಆಡಿದ್ದು ಅದೊಂದೇ ನಾಟಕ. ಮರುವರ್ಷ ಭಾವ ಹಾಸಿಗೆ ಹಿಡಿದರು. ಅವರ ಹೋಟೆಲಿನ ಗಲ್ಲಾದಲ್ಲಿ ಅತ್ತಿಗೆ ಕೂರಬೇಕಾಯಿತು. ಮೀಸೆ ಕಳಚಿದ್ದು ಒಬ್ಬರಿಗೂ ಗೊತ್ತಾಗಲಿಲ್ಲವೆಂದು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆ ಒಂದು ಸಂಜೆಯ ಸುಖವನ್ನು ನನ್ನ ಕೈಯಾರೆ ಕೆಡಿಸುವುದೇ? ಅಭಿಪ್ರಾಯವೇ ಬೇಡವೆಂದರೆ ಪುಟದಲ್ಲಿ ಅವರ ಬರೀ ಹೆಸರು ಉಳಿಯುತ್ತದೆ. ಅವರನ್ನೇ ಕೇಳುವುದೆಂದು ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋದೆ.

ಅತ್ತಿಗೆ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

“ಇವ ಎಲ್ಲಿ ಕೂತಿದ್ದ ಮಾರಾಯ್ತಿ, ಎಡಗೈ ಕಾಣುವಷ್ಟು ಹತ್ತಿರ?”

“ಬೇಜಾರಾಯ್ತಾ ಅತ್ತಿಗೆ?”

“ಬೇಜಾರೆಂಥದ್ದು? ಹಾರ ಹಾಕಿದವರೆಲ್ಲ ಚೆಂದ ಆಯ್ತು ಅಂದು ಊಟಕ್ಕೆ ಓಡಿದ್ರು. ಇವನೊಬ್ಬ ನಾನು ಮಾಡಿದ್ದನ್ನು ನೋಡಿದ್ದಾನೆ. ಎರಡೂ ಹಾಕು. ಆದ್ರೆ ಆ ದಿನ ನನ್ನ ಗಂಟಲು ಕಟ್ಟಿತ್ತು, ಅದನ್ನೂ ಬರಿ.”

“ಅದಕ್ಕೆ ಆಧಾರ ಬೇಕು.”

“ಗಂಟಲು ನನ್ನದು. ಆಧಾರ ಊರಿನವರದ್ದಾ?”

ನಗುತ್ತಲೇ ಎರಡು ವಾಕ್ಯಗಳನ್ನೂ ಭುಜಂಗರ ಹೆಸರಿನೊಂದಿಗೆ ಕೆಳಗಿನ ಭಾಗದಲ್ಲಿ ಸೇರಿಸಿದೆ. ಅತ್ತಿಗೆ ಚಹಾ ಮಾಡಲು ಎದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮುದುಕನ ದಪ್ಪ ಧ್ವನಿಯೊಂದು ಗುಡುಗಿತು:

“ಸಕ್ಕರೆ ಎಷ್ಟು ಹಾಕಲಿ, ಸೊಸೆಯೇ?”

ಪಕ್ಕದ ಫ್ಲ್ಯಾಟಿನ ಬಾಗಿಲು ತೆರೆದ ಸದ್ದಾಯಿತು. ಹಿಂದಿನ ಸಾಲಿಗೂ ತಲುಪಿತ್ತು.