ಹೆದರದ ಕೂಸು

ಇನ್ನೊಬ್ಬರ ಮನೆಯ ಕೂಸಿನ ಸಂಗತಿಯನ್ನು ಹೇಳಹೊರಡುವುದೇ ತಪ್ಪಿರಬಹುದು. ಕಣ್ಣಾರೆ ಕಂಡದ್ದು ಸ್ವಲ್ಪ, ಅವರಿವರಿಂದ ಕೇಳಿದ್ದು ಸ್ವಲ್ಪ. ಎಲ್ಲಾದರೂ ಎಡವಿದ್ದರೆ ಆ ಮನೆಯವರು ಮನ್ನಿಸಬೇಕು.

ಕ್ವಾರಿಯ ಸೈರನ್ನು ಕೂಗಿದಾಗ ಪ್ರಮೀಳಾ ಮಗಳ ಹುಟ್ಟುಹಬ್ಬಕ್ಕೆ ತಂದ ಕೇಕಿನ ಡಬ್ಬಿಯ ದಾರ ಬಿಚ್ಚುತ್ತಿದ್ದಳು. ಚಿನಕುರಳಿಯಾಚೆಯ ಆ ಊರಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಬಂಡೆ ಸಿಡಿಸುವುದು ಹೊಸದೇನಲ್ಲ. ಸೈರನ್ನು ಕೂಗಿದರೆ ಹೆಂಗಸರು ಒಲೆಯ ಮೇಲಿನ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಕೊಟ್ಟಿಗೆಯ ಎಮ್ಮೆಗಳು ಮೇವು ಬಿಟ್ಟು ತಲೆ ಎತ್ತುತ್ತವೆ. ಹುಟ್ಟುಹಬ್ಬವೆಂದು ಸ್ಕೂಲಿಗೆ ಹೋಗದೆ ಉಳಿದಿದ್ದ ಐದು ವರ್ಷದ ಅಪ್ಪು ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ನುಸುಳಿದ. ಅವತ್ತಿಗೆ ವರ್ಷ ತುಂಬಿದ್ದ ಅವನ ತಂಗಿ ದಿವ್ಯ ಮಾತ್ರ ನಡುಮನೆಯಲ್ಲಿ ಕೂತಲ್ಲೇ ಕೂತಿದ್ದಳು. ಧಡ್ ಎಂದಿತು. ಗೂಡಿನ ಲೋಟಗಳು ಗಲಗಲ ಎಂದವು. ದಿವ್ಯ ಅಂಗೈಯನ್ನು ನೆಲಕ್ಕೆ ಒತ್ತಿ ಕಿಲಕಿಲನೆ ನಕ್ಕಳು.

"ನೋಡ್ರವ್ವ, ನೋಡ್ರಿ!" ಅಜ್ಜಿ ಅಣ್ಣಮ್ಮ ಬಂದ ನೆಂಟರಿಗೆಲ್ಲ ಕೇಳುವಂತೆ ಕೂಗಿದಳು. "ಬಂಡೆ ಸಿಡುದ್ರೆ ನಗ್ತಾವ್ಳೆ! ಲೇ ಅಪ್ಪು, ಈಚ್ಗೆ ಬಾಲಾ ಪುಕ್ಲ. ನಿನ್ ತಂಗಿ ಕಾಲ್ ತೊಳ್ದು ನೀರ್ ಕುಡಿ, ವಸಿ ದೈರ್ಯ ಬಂದಾತು."

ನೆಂಟರೆಲ್ಲ ನಕ್ಕರು. ಅಪ್ಪು ಮಂಚದ ಕೆಳಗಿಂದ ಈಚೆಗೆ ಬರಲಿಲ್ಲ.

ಅಣ್ಣಮ್ಮನ ಹೆಮ್ಮೆಗೆ ಕಾರಣವಿತ್ತು. ಆರು ತಿಂಗಳ ಕೂಸಿದ್ದಾಗ ದಿವ್ಯ ಮೆದುಳು ಜ್ವರ ಬಂದು ಮಂಡ್ಯದಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಬಿಡುವಾಗ ಡಾಕ್ಟರು ತಿಂಗಳೊಪ್ಪತ್ತಿಗೆ ಮತ್ತೆ ತಂದು ತೋರಿಸಿ ಎಂದಿದ್ದರು. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿತ್ತು, ನಗುತ್ತಿತ್ತು. ಯಾರೂ ಹೋಗಲಿಲ್ಲ. ಮನೆಗೆ ತಂದ ದಿನವೇ ಬಂಡೆ ಸಿಡಿದರೂ ಕೂಸು ಬೆಚ್ಚಲಿಲ್ಲ. ಸಾವಿನ ಮುಖ ಕಂಡು ಬಂದವಳಿಗೆ ಇನ್ಯಾವ ಭಯ ಎಂದು ಅಣ್ಣಮ್ಮ ಅಂದೇ ತೀರ್ಮಾನಿಸಿದಳು. ಡೈರಿಯ ಮುಂದೆ ಹೇಳಿದಳು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದಳು. ಅಂಗನವಾಡಿ ಟೀಚರು ಯಶೋಧರಾ, ಕೂಸಿನ ಬೆಳವಣಿಗೆ ಬರೆಯುವ ತಾಯಿ ಕಾರ್ಡನ್ನು ಹಿಡಿದು, "ಸದ್ದು ಬಂದ ಕಡೆ ತಿರುಗ್ತಾಳಾ?" ಎಂದು ಕೇಳಿದಾಗಲೂ ಉತ್ತರ ಕೊಟ್ಟದ್ದು ಅವಳೇ.

"ತಿರುಗೋದೇನ್ ಬಂತು ಟೀಚರೇ, ಬಂಡೆ ಸದ್ಗೇ ನಗ್ತಾಳೆ ನಮ್ ಮೊಗ."

ಯಶೋಧರಾ ತಾನೂ ನಕ್ಕು ಕಾರ್ಡಿನಲ್ಲಿ ಹೌದು ಎಂದು ಗೀಟು ಹಾಕಿದಳು. ಪಕ್ಕದಲ್ಲಿದ್ದ ಪ್ರಮೀಳಾ ಏನೋ ಹೇಳಹೊರಟವಳು ಕೂಸಿನ ಅಂಗಿಯ ಗುಂಡಿ ಹಾಕತೊಡಗಿದಳು.

ಕೇಕು ಕತ್ತರಿಸುವ ಹೊತ್ತಿಗೆ ಮೈದುನ ರವೀಂದ್ರ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ದಿವ್ಯಳ ಬೆನ್ನ ಹಿಂದೆ ಕಟ್ಟಿದ್ದ ಬಲೂನೊಂದು ಫಟ್ಟನೆ ಒಡೆಯಿತು. ಎಲ್ಲರೂ ಬೆಚ್ಚಿಬಿದ್ದು, ಆಮೇಲೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ದಿವ್ಯ ಮೇಣದಬತ್ತಿಯ ಉರಿಯನ್ನೇ ನೋಡುತ್ತಿದ್ದಳು. ಅವಳ ರೆಪ್ಪೆ ಕೂಡ ಅಲುಗಲಿಲ್ಲ. ಪ್ರಮೀಳಾಳ ಕೈಯ ಚಾಕು ಕೇಕಿನಲ್ಲೇ ನಿಂತಿತು. ಬಂಡೆ ಸಿಡಿದರೆ ನೆಲ ಅದುರುತ್ತದೆ. ಬಲೂನು ಒಡೆದರೆ ಏನೂ ಅದುರುವುದಿಲ್ಲ.

ಸಂಜೆ ಡೈರಿಗೆ ಹಾಲು ಹಾಕಿ ಬಂದ ಗಂಡ ದೇವರಾಜುವಿಗೆ ಆ ವಿಡಿಯೋ ತೋರಿಸಿದಳು. "ನಿಮ್ ಬುಜ ನೋಡ್ರಿ, ಎಂಗ್ ಎಗರ್ತು. ಅತ್ತೇದೂ ಎಗರ್ತು. ಇವ್ಳುದ್ ನೋಡಿ."

ಅವನು ಮೂರು ಸಲ ನೋಡಿದ. "ಕೇಕ್ ಮ್ಯಾಲೆ ಆಸೆ ಕಣೆ, ಅದ್ಕೆ."

"ವರ್ಸ ತುಂಬುದ್ರೂ ಒಂದ್ಸಲ ಅಪ್ಪ ಅಂದಿಲ್ವಲ್ಲ?"

"ಅಪ್ಪೂನೂ ತಡವಾಗೇ ಮಾತಾಡಿದ್ದು." ಮೊಬೈಲನ್ನು ಅವಳ ಕೈಗೆ ವಾಪಸು ಕೊಟ್ಟ. "ಅವ್ವನ್ ಮುಂದೆ ಮಾತ್ರ ಈ ಮಾತ್ ಎತ್ಬೇಡ. ಊರ್‌ಗೆಲ್ಲ ಸಾರ್ಕೊಂಡ್ ಬಂದವ್ಳೆ," ಎಂದ.

ಮಾರನೆಯ ದಿನ ಶನಿವಾರ. ದೇವರಾಜು ಗದ್ದೆಗೆ ಹೋಗಿದ್ದ. ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆಯ ಎದುರು ಪ್ರಮೀಳಾ ಬೆಳಗಿನಿಂದ ನಾಲ್ಕು ಸಲ ಬಂದು ಹೋದಳು. ಐದನೆಯ ಸಲ ಕೂತೇಬಿಟ್ಟು, ಬಲೂನು, ಬಾರದ ಮಾತು, ಜ್ವರದ ಮೇಲೆ ಮತ್ತೆ ತೋರಿಸದೆ ಬಿಟ್ಟದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಕಿವುಡು ಅಂತೀಯಾ ಮೊಗೀನ?" ಅಣ್ಣಮ್ಮನ ಮೊರದ ಕಾಯಿ ಚೆಲ್ಲಿತು. "ಎತ್ತ ತಾಯಿ ಬಾಯಲ್ಲಿ ಬರೋ ಮಾತೇನೇ ಇದು? ಎಣ್ ಕೂಸು ಕಣೆ!"

"ಸುಳ್ಳಾಗ್ಲಿ ಅಂತ್ಲೇ ನಂಗೂ ಆಸೆ ಅತ್ತೆ."

"ಸುಳ್ಳೇ. ತೋರುಸ್ತೀನಿ ಇರು."

ಅಣ್ಣಮ್ಮ ಕೂಸನ್ನು ಎತ್ತಿ ಬೀದಿಬಾಗಿಲಿಗೆ ಮುಖ ಮಾಡಿ ಕೂರಿಸಿದಳು. ಕೈಗೆ ಬೇಯಿಸಿದ ಜೋಳದ ತೆನೆ ಕೊಟ್ಟಳು. ಪ್ರಮೀಳಾ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತಂದು ಕೂಸಿನ ಕೆಳಗೆ ಹಾಸಿದಳು.

"ಅದ್ಯಾಕೆ?"

"ನೆಲ ಅದುರಿದ್ದು ಗೊತ್ತಾಗ್ಬಾರ್ದು ಅಂತ."

ಅಣ್ಣಮ್ಮ ಸೊಸೆಯನ್ನೊಮ್ಮೆ ನೋಡಿದಳು. ಕೂಸಿನ ಹಿಂದೆ ನಿಂತು ತಟ್ಟೆಗೆ ಸೌಟಿನಿಂದ ಮೆಲ್ಲಗೆ ಬಡಿದಳು. ಆಮೇಲೆ ಜೋರಾಗಿ. ತಟ್ಟೆ ಇಟ್ಟು ಹಿತ್ತಾಳೆ ಕೊಡಪಾನ ತಂದಳು. ಅದಾದ ಮೇಲೆ ದೇವರ ಗೂಡಿನ ಜಾಗಟೆಯನ್ನೇ ತಂದಳು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗಿತು. ಪಕ್ಕದ ಗೋಡೆಯಾಚೆಯಿಂದ ಮಾರಮ್ಮ, "ಯಾನ್ ಅಣ್ಣಮ್ಮಕ್ಕ, ಮಟಮಟ ಮದ್ಯಾನ ಮಂಗ್ಳಾರತಿನಾ? ಪ್ರಸಾದ ನಂಗೂ ಮಡಗು," ಎಂದು ಕೂಗಿದಳು. ಅಣ್ಣಮ್ಮ ಕೂಸಿನ ತಲೆಯ ಹಿಂದೆ ಒಂದು ಮೊಳ ದೂರದಲ್ಲಿ ಜಾಗಟೆ ಹಿಡಿದು, ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಾರಿಸಿದಳು.

ದಿವ್ಯ ತೆನೆಯ ಕಾಳನ್ನು ಒಂದೊಂದಾಗಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ದಿವ್ಯಾ," ಎಂದಳು ಅಣ್ಣಮ್ಮ. "ಮೊಗಾ. ನನ್ನವ್ವಾ."

ಜಾಗಟೆಯ ಗುಂಯ್ ಇನ್ನೂ ನಿಂತಿರಲಿಲ್ಲ. ಅಣ್ಣಮ್ಮ ಅದನ್ನು ಎದೆಗೆ ಒತ್ತಿಕೊಂಡು ನಿಲ್ಲಿಸಿದಳು. ಹಾಗೇ ಗೋಡೆಗೆ ಒರಗಿ ಕೂತಳು.

"ಊರ್ ತುಂಬ ಯೋಳ್ಕೊಂಡ್ ಬಂದ್ನಲ್ಲೇ ಪ್ರಮೀಳಾ."

"ನಾನೂ ಬಾಯ್ ಬುಡ್ಲಿಲ್ಲ ಅತ್ತೆ. ಟೀಚರ್ ಕೇಳ್ದಾಗ ಪಕ್ದಲ್ಲೇ ಇದ್ದೆ."

ಅಣ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ದೇವ್ರಾಜುಂಗೆ ಪೋನ್ ಮಾಡು. ಸೋಮ್ವಾರ ಮೊದಲ್ನೇ ಬಸ್ಸಿಗೇ ಮೈಸೂರ್‌ಗೆ ವೋಗ್ಬುಡಾನ. ಕಿವಿ ನೋಡೋ ಆಸ್ಪತ್ರೆ ಅದ್ಯಂತಲ್ಲ. ನಾನೂ ಬತ್ತೀನಿ. ಆ ಕಾರ್ಡ್ನೂ ಮಡಿಕೊ. ತಪ್ ಗೀಟು ಆಕ್ಸಿದ್ದು ನಾನು ಅಂತ ಡಾಕ್ಟರ್‌ಗೆ ನಾನೇ ಯೋಳ್ತೀನಿ."

ಅರ್ಧ ದಿನದ ಸ್ಕೂಲು ಮುಗಿಸಿ ಬಂದ ಅಪ್ಪು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು.

"ಅಜ್ಜಿ, ಅಂಗಾರೆ ದಿವ್ಯಂಗೆ ದೈರ್ಯ ಇಲ್ವಾ?"

ಅಣ್ಣಮ್ಮ ಮೊಮ್ಮಗನ ಮುಖ ನೋಡಿದಳು. ಆರು ತಿಂಗಳಿಂದ ಪುಕ್ಲ ಎಂದು ಕರೆದ ಮುಖ.

"ಅವ್ಳ್ಗೆ ಸದ್ದು ಕೇಳ್ಸಾಕಿಲ್ವೇನೋ ಕಣಪ್ಪ. ನಿಂಗ್ ಕೇಳ್ತದೆ, ಎದ್ರುಕೋತೀಯೆ. ಅದ್ರಲ್ಲಿ ತಪ್ಪೇನಿಲ್ಲ ಬುಡು."

ಆಗ ಸೈರನ್ನು ಕೂಗಿತು. ಅಪ್ಪುವಿನ ಕೈಗಳು ತಾವಾಗಿಯೇ ಕಿವಿಗೆ ಹೋದವು. ಮಂಚದ ಕಡೆ ಎರಡು ಹೆಜ್ಜೆ ಇಟ್ಟವನು ನಿಂತ. ತಂಗಿಯ ಕಡೆ ನೋಡಿದ. ಓಡಿಬಂದು ಅವಳ ಹಿಂದೆ ಮಂಡಿಯೂರಿ, ತನ್ನ ಕಿವಿಯ ಮೇಲಿದ್ದ ಕೈಗಳನ್ನು ತೆಗೆದು ಅವಳ ಕಿವಿಗಳ ಮೇಲೆ ಇಟ್ಟ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಯಾಕ್ಲಾ, ಅವ್ಳ್ಗೆ..." ಎಂದ ಅಣ್ಣಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಧಡ್ ಎಂದಿತು. ಗೂಡಿನ ಲೋಟಗಳು ಗಲಗಲ ಎಂದವು. ಅಪ್ಪುವಿನ ಭುಜ ಎಗರಿತು, ಕೈ ಮಾತ್ರ ಕದಲಲಿಲ್ಲ. ತೆನೆ ಮಡಿಲಿಗೆ ಬಿತ್ತು. ದಿವ್ಯ ಮೆಲ್ಲಗೆ ಕತ್ತು ಹೊರಳಿಸಿ ಹಿಂದಕ್ಕೆ ತಿರುಗಿ ಅಣ್ಣನ ಮುಖ ನೋಡಿದಳು.

ಸದ್ದು ಯಾವುದಾದರೂ ಸಂದಿನಿಂದ ಒಳಗೆ ಹೋಯಿತೋ, ಕಂಬಳಿಯ ಮಡಿಕೆ ದಾಟಿ ನೆಲದ ನಡುಕ ತಾಗಿತೋ, ಕೆನ್ನೆಯ ಮೇಲೆ ಅಂಗೈಯ ಬಿಸಿ ಹತ್ತಿತೋ. ಅವಳು ತಿರುಗಿದ್ದು ಯಾತಕ್ಕೆಂದು ಪ್ರಮೀಳಾಳಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.