ಒತ್ತೆಯಾದ ಬಾಲಯೇಸು

ಸಂತ ಅಂತೋನಿಯ ಹದಿಮೂರು ದಿನದ ಪ್ರಾರ್ಥನೆಯಲ್ಲಿ ಹನ್ನೊಂದನೆಯ ಸಂಜೆ ಬಾಲಯೇಸು ಕಾಣೆಯಾದ. ಒಂದು ಕೈಯಲ್ಲಿ ಲಿಲಿ ಹೂ ಹಿಡಿದ ಸಂತನ ಇನ್ನೊಂದು ತೋಳಿನ ಮೇಲೆ ಕೂರುವ, ಹೆಬ್ಬೆರಳುದ್ದದ ಮರದ ಕೂಸು. ಈ ವರ್ಷ ವಿಗ್ರಹವಿದ್ದದ್ದು ಎಫ್ರಾಸಿಯಾಳ ಮನೆಯಲ್ಲಿ. ಸ್ತುತಿ ಹೇಳಿಕೊಡುವ ನಾನು ‘ಕೂಸನೆತ್ತಿದವನೇ’ ಎಂಬಲ್ಲಿ ಕಣ್ಣೆತ್ತಿದರೆ, ಸಂತ ಬಸ್ಸಿನಲ್ಲಿ ಚಿಲ್ಲರೆಗೆ ಕೈಚಾಚಿದವನಂತೆ ನಿಂತಿದ್ದ.

ನಮ್ಮೂರಿಗೆ ಇದು ಹೊಸದಲ್ಲ. ಗಂಡು ಸಿಗದ ಹುಡುಗಿಯರು ಸಂತನನ್ನು ತಲೆಕೆಳಗು ಮಾಡುತ್ತಾರೆ, ಬಾವಿಗಿಳಿಸುತ್ತಾರೆ, ಕೂಸನ್ನು ಕಿತ್ತುಕೊಂಡು ಕೆಲಸವಾದ ಮೇಲೆ ಕೊಡುತ್ತಾರೆ. ಈ ಸಲ ಕಿತ್ತುಕೊಂಡವಳಿಗೆ ಅರವತ್ತೆರಡು.

ಇಡಾಲೀನಾಳಿಗೆ ಬೇಕಿದ್ದದ್ದು ಗಂಡನಲ್ಲ, ಅರ್ಧ ಸೀಸೆ ಮದ್ದು. ಮೊಮ್ಮಗ ಕವಾನ್ ಏಳನೇ ತಿಂಗಳಿಗೇ ಹುಟ್ಟಿದವನು. ಈ ಮಳೆಗಾಲದ ವೈರಸ್ ಎದೆಗಿಳಿದರೆ ಉಳಿಯುವುದು ಕಷ್ಟ. ಅದಕ್ಕೇ ತಿಂಗಳಿಗೊಂದು ಸೂಜಿ. “ಇದು ಲಸಿಕೆ ಅಲ್ಲಮ್ಮ, ಬಾಡಿಗೆ ಕಾವಲುಗಾರರು. ತಿಂಗಳು ಕಾದು ಹೊರಟುಬಿಡ್ತಾರೆ,” ಎಂದಿದ್ದಳು ನರ್ಸ್ ಇವೊನೇತಿ. ಒಂದು ಸೀಸೆ ಎರಡು ಕೂಸಿಗೆ. ತೆರೆದರೆ ಆಗಲೇ ಮುಗಿಸಬೇಕು. ಎರಡನೆಯ ಕೂಸು ಎಫ್ರಾಸಿಯಾಳ ಮೊಮ್ಮಗಳು ಮೈತೆ, ಅವಳೂ ಅವಸರದವಳೇ. ಆದರೆ ಎಫ್ರಾಸಿಯಾಳ ಜೋಳದ ಪಾಯಸವನ್ನು ಇಡಾಲೀನಾ ಗೋಂದು ಎಂದ ದಿನದಿಂದ ಅವಳು ಇವಳಿದ್ದ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ಕಳೆದ ಗುರುವಾರ ಎಫ್ರಾಸಿಯಾ ಆಸ್ಪತ್ರೆಗೆ ಬರಲಿಲ್ಲ, ಸೀಸೆ ತೆರೆಯಲಿಲ್ಲ. ನಾಳೆಯೂ ತಪ್ಪಿದರೆ ಅದು ಬೇರೆ ಊರಿನ ಪಾಲು.

ಪ್ರಾರ್ಥನೆ ಮುಗಿದದ್ದೇ ಎಫ್ರಾಸಿಯಾ ಬಾಗಿಲಿಗೆ ಅಡ್ಡ ನಿಂತಳು.

“ಕೂಸೆಲ್ಲಿ, ಇಡಾಲೀನಾ?”

“ಯಾರದು? ನಿಂದೋ, ಸಂತಂದೋ?”

“ನಾಡಿದ್ದು ಪಾದ್ರಿ ಬರ್ತಾರೆ ಕಣೇ.”

“ನಾಳೆ ಎಂಟಕ್ಕೆ ಮೈತೇನ ಆಸ್ಪತ್ರೆಗೆ ಕರ್ಕೊಂಡು ಬಾ. ಅಲ್ಲೇ ಕೊಡ್ತೀನಿ.”

“ದೇವರ ಮಗನ್ನೇ ಒತ್ತೆ ಇಟ್ಕೊಂಡಿದೀಯಲ್ಲೇ. ನರಕಕ್ಕೆ ಹೋಗ್ತೀಯ.”

“ಹೋಗ್ತೀನಿ ಬಿಡು. ಅಲ್ಲಿ ನಿನ್ನ ಪಾಯಸ ಇರಲ್ಲ ತಾನೆ?”

ಮರುದಿನ ಏಳೂವರೆಗೇ ಎಫ್ರಾಸಿಯಾ ಬಂದಿದ್ದಳು, ಗೋಡೆಗೆ ಮುಖಮಾಡಿ. ಇವೊನೇತಿ ಕೂಸುಗಳ ಬಟ್ಟೆ ಬಿಚ್ಚಿ ತೂಗಿ, ಸೀಸೆ ತೆರೆದು, ಇಬ್ಬರ ತೊಡೆಗೂ ಚುಚ್ಚಿದಳು. ಎರಡೂ ಒಂದೇ ಶ್ರುತಿಯಲ್ಲಿ ಕಿರುಚಿದವು. ಇಡಾಲೀನಾ ಕಣ್ಣೊರೆಸಿಕೊಂಡು, ರವಿಕೆಯೊಳಗೆ ಕೈಹಾಕಿ ಬಾಲಯೇಸುವನ್ನು ಹೊರತೆಗೆದಳು.

“ಅಲ್ಲಿಟ್ಕೊಂಡಿದ್ಯಾ?” ಎಫ್ರಾಸಿಯಾ ಶಿಲುಬೆಯ ಗುರುತು ಮಾಡಿಕೊಂಡಳು.

“ಕವಾನನ್ನ ಎರಡು ತಿಂಗಳು ಇಲ್ಲೇ ಕಟ್ಕೊಂಡು ಬದುಕಿಸಿದ್ದು. ಇವನಿಗೇನು ಮಹಾ ಆಗತ್ತೆ?”

ಎಫ್ರಾಸಿಯಾ ಮರದ ಕೂಸನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಇಡಾಲೀನಾಳ ಬೆಂಚಿನ ತುದಿಯಲ್ಲಿ ಕೂತಳು. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು.

ಹದಿಮೂರನೆಯ ಸಂಜೆ ಬಾಲಯೇಸು ಸಂತನ ತೋಳಿನಲ್ಲಿದ್ದ, ಮತ್ತೆ ಯಾರೂ ಕೀಳದಂತೆ ಗಟ್ಟಿಯಾಗಿ ಅಂಟಿಸಿಕೊಂಡು. ಪಾದ್ರಿಗೆ ಏನೂ ತಿಳಿಯಲಿಲ್ಲ. ಆದರೆ ಸಂತನ ಇನ್ನೊಂದು ಕೈಯ ಲಿಲಿ ಹೂವು ಇರಲಿಲ್ಲ. ಇಡಾಲೀನಾ ಮುಂದಿನ ಸಾಲಿನಲ್ಲೇ ಕೂತು, ಕಣ್ಮುಚ್ಚಿ, ಬಲು ಭಕ್ತಿಯಿಂದ ದನಿಗೂಡಿಸುತ್ತಿದ್ದಳು. ಮುಂದಿನ ಸೂಜಿಗೆ ಇನ್ನೂ ಇಪ್ಪತ್ತೊಂಬತ್ತು ದಿನವಿತ್ತು.

‘ಲಿಲಿ ಹಿಡಿದವನೇ’ ಎಂಬ ಸಾಲನ್ನು ನಾನು ಹಾರಿಸಿ ಮುಂದಕ್ಕೆ ಹೋದೆ.