ತೀರ್ಥಪ್ಪನವರ ಸಮಾಧಿ ಯಾರ ಪಾಲಿಗೆ?

ವಕೀಲರ ಆಫೀಸಿನಲ್ಲಿ ಟೈಪು ಮಾಡುವವನು ಕಕ್ಷಿದಾರರ ಮನೆಯ ಮಾತನ್ನು ಹೊರಗೆ ಆಡಬಾರದು. ಆಡುತ್ತಿದ್ದೇನೆ, ಕ್ಷಮಿಸಬೇಕು. ಕಾನೂನು ನನಗೆ ಸಂಜೆ ಕಾಲೇಜಿನಲ್ಲಿ ತಿಳಿದಷ್ಟೇ. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು.

ಅಮೃತಾಪುರದ ತೀರ್ಥಪ್ಪನವರು ದುಡಿದು ಕೊಂಡ ಹೊಲದಲ್ಲಿ, ತರೀಕೆರೆ ರಸ್ತೆಯ ಪಕ್ಕದಲ್ಲೇ ಅವರ ಸಮಾಧಿ ಇದೆ. ಅದರ ಎಡಕ್ಕೆ ಹೆಂಡತಿ ಮಲ್ಲಿಕಾಂಬ ತಮಗೆಂದು ಜಾಗ ಬಿಡಿಸಿದ್ದಾರೆ. ಮಕ್ಕಳಿಬ್ಬರು: ಕಡೂರಿನಲ್ಲಿ ಕೊಬ್ಬರಿ ವ್ಯಾಪಾರದ ಗುರುಮೂರ್ತಿ, ಅಜ್ಜಂಪುರದಲ್ಲಿ ಹಾರ್ಡ್‌ವೇರ್ ಅಂಗಡಿಯ ಓಂಕಾರೇಶ್. ಹೊಲದ ಪಾಲಿಗಾಗಿ ತಮ್ಮ ಓಂಕಾರೇಶ್ ನಮ್ಮ ವಕೀಲರ ಮೂಲಕ ಅಣ್ಣನ ಮೇಲೆ ತರೀಕೆರೆ ಕೋರ್ಟಿನಲ್ಲಿ ದಾವೆ ಹೂಡಿದರು. ತಾಯಿಯನ್ನೂ ಪ್ರತಿವಾದಿ ಮಾಡಲೇಬೇಕಿತ್ತು, ಮಾಡಿದೆವು.

ಮೊದಲು ಇಬ್ಬರಿಗೂ ಸಮಾಧಿ ಇರುವ ಪಾಲೇ ಬೇಕಿತ್ತು. 'ತಂದೆಯವರ ಸಮಾಧಿಗೆ ಕೈ ಮುಗಿಯದೆ ವಾದಿಯು ನೀರನ್ನೂ ಮುಟ್ಟುವುದಿಲ್ಲ' ಎಂದು ಓಂಕಾರೇಶ್ ಪರವಾಗಿ ನಾನೇ ಟೈಪು ಮಾಡಿದೆ. ವಾದಿಯವರು ಆಗ ಕೋರ್ಟಿನ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಿದ್ದರು. ಎರಡನೇ ಪ್ಲೇಟೋ ಮೂರನೆಯದೋ ನೆನಪಿಲ್ಲ.

ಆಮೇಲೆ ಲೇಔಟ್ ಮಾಡುವವನೊಬ್ಬ ಬಂದು, ಗೋರಿ ಇರುವ ಕಡೆ ಸೈಟು ಯಾರೂ ಕೊಳ್ಳುವುದಿಲ್ಲ ಎಂದ. ಭಕ್ತಿ ಪಕ್ಷ ಬದಲಿಸಿತು. ಹಿರಿಯ ಮಗನಾದ್ದರಿಂದ ಸಮಾಧಿ ಅಣ್ಣನಿಗೇ ಸಲ್ಲಬೇಕೆಂದು ನಮ್ಮ ಅರ್ಜಿ. ತಂದೆಗೆ ಮುದ್ದಿನ ಮಗ ತಮ್ಮನೇ, ಅವನಿಗೇ ಇರಲಿ ಎಂದು ಅವರ ಅರ್ಜಿ. ಕೊನೆಗೆ ಇಬ್ಬರೂ ಒಂದೇ ಮಾತಿಗೆ ಬಂದರು: ಸಮಾಧಿಯನ್ನು ಅಗೆದು ಊರ ರುದ್ರಭೂಮಿಗೆ ಸಾಗಿಸುವುದು. ರಾಜಿಗೆ ತಾಯಿಯ ಸಹಿ ಬೇಕಿತ್ತು. ನಮ್ಮ ಆಫೀಸಿಗೇ ಕರೆತಂದರು.

"ಅವ್ವಾ, ಒಂದ್ ಸೈನ್ ಹಾಕ್ಬಿಡು. ಅಪ್ಪಾಜಿಗೆ ಅಲ್ಲಿ ಟೈಲ್ಸ್ ಹಾಕ್ಸಿ ಚೆನ್ನಾಗ್ ಕಟ್ಟಿಸ್ತೀವಿ," ಎಂದರು ಓಂಕಾರೇಶ್.

"ನಿನ್ನಂಗ್ಡಿ ಟೈಲ್ಸಾ? ನಮ್ಮನೆ ಬಚ್ಚಲಿಗೆ ಹಾಕಿದ್ದೇ ಎದ್ದೋಯ್ತಲ್ಲೋ!"

ಗುರುಮೂರ್ತಿ ನಕ್ಕರು.

"ನೀನ್ ನಗ್ಬೇಡ ಕಣೋ. ನಿಮ್ಮಪ್ಪಂಗೆ ಮಣ್ಣು ಹಾಕೋವಾಗ್ಲೂ ಫೋನಲ್ಲಿ ಕೊಬ್ರಿ ರೇಟ್ ಕೇಳ್ತಿದ್ದೋನು ನೀನು."

"ಹಂಗಲ್ಲವ್ವಾ, ರುದ್ರಭೂಮೀಲಿ ನಿಂಗೂ ಪಕ್ಕದಲ್ಲೇ ಜಾಗ ಹಿಡಿಸ್ತೀವಿ."

"ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡಿದಂಗಾ?" ಎಂದ ಮಲ್ಲಿಕಾಂಬ ನಮ್ಮ ವಕೀಲರ ಕಡೆ ತಿರುಗಿದರು. "ಏನ್ರೀ, ನನ್ನೂ ಕೇಸಿಗೆ ಹಾಕಿದೀರಲ್ಲ. ನಂಗೂ ಪಾಲೈತಾ?"

ವಕೀಲರು ಫ್ಯಾನು ನೋಡಿದರು. ಆದರೆ ಸುಳ್ಳು ಹೇಳಲಿಲ್ಲ. "ಮೂರರಲ್ಲಿ ಒಂದು, ತಾಯಿ."

"ಹಂಗಾರೆ ಸಮಾಧಿ ಇರೋ ಪಾಲು ನಂದು. ರಸ್ತೆ ಉದ್ದಕ್ಕೂ ಅಳೀರಿ."

ಹಾಗೆ ಅಳೆದರೆ ಮಕ್ಕಳ ಪಾಲಿಗೆ ರಸ್ತೆಯೇ ಇಲ್ಲ. ಗುರುಮೂರ್ತಿಯವರ ಕಣ್ಣು ತಕ್ಷಣ ತುಂಬಿತು. "ಅಪ್ಪಾಜಿ ಸಮಾಧಿ ಬಿಟ್ಟು ನಾನು ಹೆಂಗಿರ್ಲವ್ವಾ?" ಓಂಕಾರೇಶ್ ಇನ್ನೂ ಜೋರಾಗಿ ಅತ್ತರು. ತಾಯಿ ಸಹಿ ಹಾಕದೆ ಎದ್ದುಹೋಗಿ ಬೇರೆ ವಕೀಲರನ್ನು ಇಟ್ಟರು.

ಕೇಸು ನಡೆಯುತ್ತಲೇ ಇದೆ. ರಸ್ತೆ ಬದಿಯ ಪಾಲು ತಾಯಿಗೇ ಸಿಕ್ಕೀತು ಎನ್ನುತ್ತಾರೆ. ಆದರೂ ಅವರ ದಿನ ಬಂದಾಗ ಹೊತ್ತು ಮಣ್ಣು ಮಾಡುವವರು ಈ ಮಕ್ಕಳೇ. ಆಗ ಎಲ್ಲಿ ಮಾಡುತ್ತಾರೋ, ನನಗೆ ಗೊತ್ತಿಲ್ಲ.